ಆಕ್ರಾದ ಪೆನ್ಸಿಲ್

ಮೊನ್ನೆ ಪತ್ರಿಕೆಯ ಪದಬಂಧ ತುಂಬಲು ಪೆನ್ಸಿಲ್ ಹೆರೆಯುತ್ತಿದ್ದೆ. ಹೊಸ ಕಟ್ಟಿಗೆಯ ಆ ವಾಸನೆ ಬಂತು. ಅಡ್ಡಸಾಲಿನಲ್ಲಿ ಕೇಳಿದ್ದರು: ಟೋಗೋ ದೇಶದ ರಾಜಧಾನಿ, ಎರಡು ಅಕ್ಷರ. ಬಾಜೂ ಮನೆಯ ಅಕ್ಕ ನೆನಪಾದಳು...

ಆಗ ಹಿರೇಕೆರೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕ ಏಳನೆಯ ಇಯತ್ತೆ, ನಾನು ಆರನೆಯದು. ಎರಡಕ್ಕೂ ಒಂದೇ ಕೋಣೆ. ಏಳರ ಕೊನೆಗೆ ಮುಲ್ಕಿ ಪರೀಕ್ಷೆ. ಅದು ಪಾಸಾದರೆ ಶಾಲೆಯಲ್ಲಿ ಕಲಿಸುವ ಅಕ್ಕೋರಾಗಬಹುದಿತ್ತು. ಅಕ್ಕನಿಗೆ ಬೇಕಿದ್ದದ್ದು ಅದೊಂದೇ.

ಆಫ್ರಿಕಾದಲ್ಲಿ ಆಗ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದವು. ನಮ್ಮ ಅಕ್ಕೋರು ಪೇಪರು ನೋಡಿ ಅವುಗಳ ಹೆಸರನ್ನು ಹಳೆ ನಕಾಶೆಯ ಮೇಲೆ ಬರೆಯುತ್ತಿದ್ದರು. ಟೋಗೋದ ರಾಜಧಾನಿ ಲೋಮೆ ಅಂದರೆ ಅಕ್ಕನಿಗೆ ಬಲು ಇಷ್ಟ. ಸಮುದ್ರದ ದಂಡೆಯ ಸಣ್ಣ ಊರು, ತೆಂಗಿನ ಮರಗಳು, ಊರಿನ ಅಂಚಿಗೇ ಘಾನಾದ ಗಡಿ.

“ಓಣಿ ದಾಟಿದ್ರ ಬ್ಯಾರೆ ದೇಶ ನೋಡ,” ಎನ್ನುತ್ತಿದ್ದಳು. ನಮ್ಮೂರ ಓಣಿ ದಾಟಲೂ ಅವಳಿಗೆ ಅಪ್ಪನ ಅಪ್ಪಣೆ ಬೇಕಿತ್ತು.

ಒಂದು ದಿನ ಶಾಲೆಯ ತಪಾಸಣೆಗೆ ಡೆಪ್ಯುಟಿ ಇನ್ಸ್‌ಪೆಕ್ಟರು, ನಮ್ಮ ಬಾಯಲ್ಲಿ ದೀಪೋಟಿ ಸಾಹೇಬರು, ಬಂದರು. ಅವರದೊಂದು ರೀತಿ. ತಾವು ದೇಶದ ಹೆಸರಷ್ಟೇ ಅನ್ನುವುದು, ಹುಡುಗಿ ರಾಜಧಾನಿ ಹೇಳುವುದು. ಉತ್ತರ ಸರಿಯಾದರೆ “ತೊಗೋ” ಎಂದು ಹೊಸ ಪೆನ್ಸಿಲ್ ಕೊಡುತ್ತಿದ್ದರು. ಅಕ್ಕನ ಪಾಳಿ ಬಂತು. “ಘಾನಾ” ಅಂದರು. “ಆಕ್ರಾ” ಅಂದಳು. “ಟೋಗೋ” ಅಂದರು.

ಅಕ್ಕ ಎರಡೂ ಕೈ ಚಾಚಿದಳು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕ ಮೇಲೆ ಉಳಿದವರು ಬಿಟ್ಟಾರೆಯೇ... ಆ ಗದ್ದಲದಲ್ಲಿ ಅವಳು “ಲೋಮೆ” ಅಂದದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ನಾನು ಅಕ್ಕೋರಿಗೆ ಹೇಳುವಷ್ಟರಲ್ಲಿ ಸಾಹೇಬರು ಮುಂದಿನ ಹುಡುಗಿಯ ಹತ್ತಿರ ಹೋಗಿದ್ದರು.

ಸಂಜೆಗೆ ಪೇಟೆಯ ಬಾಯಲ್ಲೆಲ್ಲ ಅದೇ ಮಾತು. ಹತ್ತಿ ವ್ಯಾಪಾರದ ಅವಳಪ್ಪನನ್ನು ಅಂಗಡಿಯಲ್ಲೇ ಯಾರೋ ಚಾಷ್ಟಿ ಮಾಡಿ ನಕ್ಕರು. ಮರುದಿನದಿಂದ ಅಕ್ಕ ಶಾಲೆಗೆ ಬರಲಿಲ್ಲ. ಅಕ್ಕೋರು ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು.

“ಆಕಿಗೆ ಉತ್ತರ ಗೊತ್ತಿತ್ರಿ. ಮುಲ್ಕಿ ಒಂದು ಮುಗಸ್ಲಿ ಬಿಡ್ರಿ.”

“ಗೊತ್ತಿದ್ದು ಏನ ಮಾಡೂದೈತ್ರಿ ಅಕ್ಕೋರ? ಮಂದಿ ಮುಂದ ಕೈ ಒಡ್ಡಿದ್ಲು. ಸಾಕು.”

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಶಾಲೆ ಬಿಡಿಸಲು ಅವನಿಗೊಂದು ನೆಪ ಬೇಕಿತ್ತು, ಸಾಹೇಬರು ನಗುನಗುತ್ತಲೇ ಒದಗಿಸಿದರು. ಆ ಬೇಸಿಗೆಯಲ್ಲೇ ಅಕ್ಕನನ್ನು ದುಂಡಸಿಗೆ ಕೊಟ್ಟರು. ಕತೆ ಅಲ್ಲಿಗೂ ಹೋಯಿತು. ಅತ್ತೆ ಊಟದ ತಾಟು ತಳ್ಳಿ “ತೊಗೋ” ಅಂದಾಗಲೆಲ್ಲ ನಾದಿನಿಯರು ಕಿಸಕ್ಕನೆ ನಗುತ್ತಿದ್ದರಂತೆ.

ಎಷ್ಟೋ ವರ್ಷದ ಮೇಲೆ ದುಂಡಸಿಯಲ್ಲಿ ಅವಳನ್ನು ಕಂಡೆ. ಅಷ್ಟೊತ್ತಿಗೆ ನಾನೇ ಅಕ್ಕೋರಾಗಿದ್ದೆ. ಅವಳು ಹಿತ್ತಲಲ್ಲಿ ಜ್ವಾಳ ಹಸನು ಮಾಡುತ್ತಿದ್ದಳು. ಸಮಾಧಾನ ಹೇಳುವವಳ ಹಾಗೆ, “ನೀ ಲೋಮೆ ಅಂದಿದ್ದು ನಾ ಕೇಳೇನಿ ಅಕ್ಕಾ,” ಅಂದೆ.

ಮೊರ ನಿಲ್ಲಲಿಲ್ಲ.

“ಲೋಮೆ ಮಾತು ಬಿಡ. ಆಕ್ರಾ ಅಂದಿದ್ದು ಎಲ್ಲಾರೂ ಕೇಳಿದ್ರಲ್ಲ? ಆ ಪೆನ್ಸಿಲ್ ನಂದ ಇತ್ತು. ಕೈ ಚಾಚಿದ್ರಾಗ ಏನ ತಪ್ಪಿತ್ತು?”

ಅಷ್ಟು ವರ್ಷ ನಾನೂ ಅದನ್ನು ಅವಳ ತಪ್ಪೆಂದೇ ತಿಳಿದಿದ್ದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಪದಬಂಧದ ಎರಡು ಮನೆಗಳಲ್ಲಿ ಲೋಮೆ ಎಂದು ಬರೆದೆ. ಸರಿಯುತ್ತರ ಕಳಿಸಿದವರಿಗೆ ಬಹುಮಾನವೆಂದು ಕೆಳಗೆ ಅಚ್ಚಾಗಿತ್ತು. ನಾನು ಕಳಿಸಲಿಲ್ಲ.