ವಾಟವಿಲ್ಲದ ನೆಲ

ಮೈತ್ರಿಯ ಅಂಗಡಿಗೆ ಬಂದ ಡ್ರೈವರನು ನೇರವಾಗಿ ಬಾನೆಟ್ ಎತ್ತಲು ಹೋದರೆ ಅವಳಿಗೆ ಸಿಟ್ಟು ಬರುತ್ತದೆ. ಮೊದಲು ಕುರ್ಚಿಯಲ್ಲಿ ಕೂರಬೇಕು, ಚಹಾ ಕುಡಿಯಬೇಕು, ಆಮೇಲೆ ಅವಳ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು.

"ಗಾಡಿ ಏನ್ ಅನ್ನಾಕತ್ತದ್ರಿ?"

ಗಾಡಿ ಏನೂ ಅನ್ನುವುದಿಲ್ಲ, ಸುಮ್ಮನೆ ಕೆಟ್ಟು ನಿಂತಿದೆ ಎಂದು ಕೆಲವರು ರೇಗುತ್ತಾರೆ. ಅಂಥವರಿಗೆ ಇನ್ನೊಂದು ಕಪ್ ಚಹಾ.

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ, ಭಂಕೂರಿನ ಹತ್ತಿರ, ಮನೆಗೆ ಹೊಂದಿಕೊಂಡೇ ಅವಳ ಅಂಗಡಿ. ಈಗಿನ ಗಾಡಿಗಳಲ್ಲಿ ಗೇರು, ಸ್ಟೀರಿಂಗ್ ಎಲ್ಲ ಮೊದಲಿನಂತಲ್ಲ. ಚಕ್ರ ಎಷ್ಟು ಸುತ್ತಿತು, ಸ್ಟೀರಿಂಗ್ ಎಷ್ಟು ತಿರುಗಿತು, ಗಾಡಿ ಏರಿನಲ್ಲಿದೆಯೋ ಇಳಿಜಾರಿನಲ್ಲಿದೆಯೋ ಎಂದು ನೋಡುತ್ತ ಕೂರುವ ಸೆನ್ಸರ್‌ಗಳಿವೆ. ಅವು ಹೇಳಿದ್ದನ್ನು ಕೇಳಿಕೊಂಡು ಒಂದು ಕಂಟ್ರೋಲ್ ಪೆಟ್ಟಿಗೆ ಗೇರು ಬದಲಿಸುತ್ತದೆ. ಇವುಗಳ ಜಗಳ ಬಿಡಿಸುವುದೇ ಮೈತ್ರಿಯ ಕಸುಬು. ಡಿಪ್ಲೊಮಾ ಮುಗಿಸಿ ಸೋಲಾಪುರದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಐದು ವರ್ಷ ದುಡಿದು ಬಂದವಳು. ಗಾಡಿಗೆ ತಂತಿ ಸಿಕ್ಕಿಸಿ ತಪ್ಪು ಓದುವ ಸ್ಕ್ಯಾನರನ್ನು ಸದಾ ಬಗಲಲ್ಲಿ ಇಟ್ಟುಕೊಂಡು ಓಡಾಡುವುದರಿಂದ ಡ್ರೈವರುಗಳು ಅವಳನ್ನು "ಡಬ್ಬಿ ಮೇಡಂ" ಎನ್ನುತ್ತಾರೆ.

ಅರ್ಧಕ್ಕರ್ಧ ಕೆಲಸ ಕಲ್ಲಿನ ಪುಡಿಯದ್ದೇ. ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಕೊಯ್ಯುವ, ಉಜ್ಜುವ ಯಂತ್ರಗಳ ಬಿಳಿ ಪುಡಿ ಸೆನ್ಸರಿನ ಸಂದಿಯಲ್ಲಿ ಕೂತು, ನೀರು ತಾಗಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದನ್ನು ಮೈತ್ರಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಾಳೆ. ಒಮ್ಮೆ ಚಿತ್ತಾಪುರದ ಮಾಸ್ತರರೊಬ್ಬರ ಕಾರು ನೇರ ರಸ್ತೆಯಲ್ಲೂ ಎಡಕ್ಕೆ ತಿರುಗಿದ್ದೇನೆಂದು ಹಟ ಹಿಡಿದಿತ್ತು. ಯಾರೋ ಸ್ಟೀರಿಂಗ್ ಬಿಚ್ಚಿ ಒಂದು ಹಲ್ಲು ಆಚೆ ಕೂರಿಸಿದ್ದರು. ಅದನ್ನು ಸರಿಮಾಡಿ, "ನೇರ ಅಂದ್ರ ಇದು" ಎಂದು ಸೆನ್ಸರಿಗೆ ಕಲಿಸಿ ಕಳಿಸಿದ ಮೇಲೆ ಮಾಸ್ತರರು ಹೋದಲ್ಲೆಲ್ಲ ಅವಳ ಹೆಸರು ಹೇಳಿದರು. ಹಾಗೆ ಮೊದಲ ವರ್ಷ ಕಳೆಯಿತು.

ಅಂಗಡಿಯ ನೆಲ ಹಾಸಿದವನು ಅವಳ ಅಪ್ಪ ರಾಮಲಿಂಗ. ನಲವತ್ತು ವರ್ಷದಿಂದ ಫರ್ಸಿ ಹಾಸುವುದೇ ಅವನ ಕೆಲಸ. ಅವನ ನೆಲದ ಮೇಲೆ ಕೈಯಾಡಿಸಿದರೆ ಸಂದು ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುವುದಿಲ್ಲ. ಈ ಸೀಮೆಯಲ್ಲಿ ನೆಲ ಮುಗಿದ ದಿನ ಅದನ್ನು ಹಾಸಿದ ಗೌಂಡಿಯೇ ಮೇಲಿನ ತುದಿಯಲ್ಲಿ ಒಂದು ಬಿಂದಿಗೆ ನೀರು ಸುರಿಯಬೇಕು. ನೀರು ಎಲ್ಲೂ ತಡೆಯದೆ ಹೊರಗೆ ಹೋದರೆ ಮನೆಯವರು ಅವನ ಬಾಯಿಗೆ ಬೆಲ್ಲ ಹಾಕುತ್ತಾರೆ. ರಾಮಲಿಂಗ ಬೆಲ್ಲ ತಿನ್ನದೆ ಎದ್ದು ಬಂದ ಮನೆ ಇಲ್ಲ. ನೀರು ಹರಿಯಲೆಂದು ಆರು ಅಡಿಗೆ ಒಂದು ಇಂಚು ಇಳಿಜಾರು, ಅಂದರೆ ವಾಟ, ಕೊಡುವುದು ಅವನಿಗೆ ಉಸಿರಾಡಿದಷ್ಟು ಸಹಜ. ಮಗಳ ಅಂಗಳದ ವಾಟವನ್ನು ಹಿತ್ತಿಲಿಗೆ ಕೊಟ್ಟಿದ್ದ. ಗಾಡಿ ತೊಳೆದ ನೀರು ಹೆಂಡತಿ ಲಾಲಮ್ಮನ ಬದನೆಗಿಡಗಳಿಗೆ ಹೋಗುತ್ತಿತ್ತು.

ಸೇಡಂನ ಧೀರೇಂದ್ರರಾಯರು ಕಲ್ಲು ಸಾಗಿಸಲು ಆರು ಹೊಸ ಗಾಡಿ ತಂದಿದ್ದರು. ಆರಕ್ಕೂ ಗೇರಿನ ದಂಡವಿಲ್ಲ, ಕ್ಲಚ್ ಇಲ್ಲ. ಒಂದು ಗುಂಡಿ ತಿರುಗಿಸಿದರೆ ಆಯಿತು. ಕೆಟ್ಟರೆ ಮಾತ್ರ ಹೈದರಾಬಾದಿಗೆ ಎಳೆದೊಯ್ಯಬೇಕು. ಅವುಗಳಲ್ಲಿ ಒಂದರ ಗೇರಿನ ಕಂಟ್ರೋಲ್ ಪೆಟ್ಟಿಗೆಗೆ ನೀರು ಹೊಕ್ಕು ಸುಟ್ಟುಹೋದಾಗ ರಾಯರು ಮಾಸ್ತರರ ಮಾತು ನೆನೆದು ಅದನ್ನು ಭಂಕೂರಿಗೆ ಕಳಿಸಿದರು. ಇದು ಸರಿಯಾಗಿ ಓಡಿದರೆ ಆರೂ ಗಾಡಿ ಇನ್ನು ಮೇಲೆ ನಿಮ್ಮವೇ, ಇಲ್ಲದಿದ್ದರೆ ಬೇಸರ ಮಾಡಿಕೊಳ್ಳಬೇಡಿ ಎಂದು ಫೋನಿನಲ್ಲಿ ಮೆತ್ತಗೆ ಹೇಳಿದರು. ಆ ಮೆತ್ತಗಿನ ಮಾತಿಗೆ ಮೈತ್ರಿ ಹೆದರಿದಳು. ರಾಯರು ಕೈಬಿಟ್ಟರೆಂದರೆ ಸೇಡಂನಿಂದ ಚಿಂಚೋಳಿಯವರೆಗೆ ಯಾವ ದೊಡ್ಡ ಗಾಡಿಯೂ ತನ್ನ ಅಂಗಳಕ್ಕೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಗಾಡಿಯನ್ನು ಎಳೆದು ತಂದು ಮೂತಿ ಒಳಗಾಗಿ ಅಂಗಳಕ್ಕೆ ತಳ್ಳಿದರು. ಜೊತೆಗೆ ಬಂದ ಡ್ರೈವರ್ ಸರ್ದಾರನಿಗೆ ಮೂವತ್ತು ವರ್ಷದ ಅನುಭವ. ಗೇರಿನ ದಂಡ ಹಿಡಿದು ಹಿಡಿದು ಅವನ ಎಡಗೈ ದಡ್ಡುಗಟ್ಟಿತ್ತು. ದಂಡವಿಲ್ಲದ ಗಾಡಿಯಲ್ಲಿ ಆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯದೆ ಮೀಸೆ ತಿರುವುತ್ತಿದ್ದ. ತಾನಾಗಿ ಗೇರು ಬದಲಿಸುವ ಗಾಡಿ ಡ್ರೈವರನಿಗೆ ಮಾಡುವ ಅವಮಾನ ಎಂಬುದು ಅವನ ಖಚಿತ ಅಭಿಪ್ರಾಯ.

ಮೈತ್ರಿ ಹೊಸ ಪೆಟ್ಟಿಗೆ ಕೂರಿಸಿದಳು. ಹೊಸದಕ್ಕೆ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು. ಕೊನೆಯ ಪಾಠ, ಗಾಡಿ ಸಮ ನೆಲದ ಮೇಲೆ ನಿಂತಾಗ "ಇದು ಸಮ" ಎಂದು ಇಳಿಜಾರಿನ ಸೆನ್ಸರಿಗೆ ತೋರಿಸುವುದು. ನೆಲ ಸಮವಾಗಿದೆಯೇ ಎಂದು ಸ್ಕ್ಯಾನರ್ ಕೇಳಿತು. ಅಪ್ಪನ ನೆಲ. ಮೈತ್ರಿ ಕಣ್ಣು ಕೂಡ ಎತ್ತದೆ ಹೌದು ಎಂದು ಒತ್ತಿದಳು.

ಮರುದಿನವೇ ಗಾಡಿ ಮರಳಿ ಬಂತು. ಸರ್ದಾರ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಬಹಳ ಸಂತೋಷದಿಂದ ದೂರು ಹೇಳಿದ. ಕುರಕುಂಟಾದ ಬಯಲಿನಲ್ಲಿ ಗಾಡಿ ಮೇಲಿನ ಗೇರಿಗೆ ಹೋಗಲೊಲ್ಲದು, ಸುಮ್ಮನೆ ಗುರ್‌ಗುಟ್ಟುತ್ತದೆ. ನಿಂತು ಹೊರಡುವಾಗ ಹಿಂದೆ ಜಾರಿಬಿಡುವ ಭಯದಲ್ಲಿ ಬ್ರೇಕು ಹಿಡಿದುಕೊಳ್ಳುತ್ತದೆ.

"ಬಯಲಾಗ ಹೊಂಟೀವಿ, ಇದು ಘಾಟ್ ಏರಾಕತ್ತದ ಅಂತ ತಿಳ್ಕೊಂಡದ ಬೇಟಾ" ಎಂದ.

ಸ್ಕ್ಯಾನರ್ ಮಾತ್ರ ಒಂದೂ ತಪ್ಪಿಲ್ಲ ಎಂದಿತು. ಮೈತ್ರಿ ತಂತಿಗಳನ್ನು ಒಂದೊಂದಾಗಿ ನೋಡಿದಳು, ಬ್ರಷ್ಷು ಹಿಡಿದು ಸಂದುಗೊಂದುಗಳನ್ನೆಲ್ಲ ತಿಕ್ಕಿದಳು. ಸೆನ್ಸರಿಗೆ ಮತ್ತೊಮ್ಮೆ ಪಾಠ ಮಾಡಿದಳು. ಈ ಸಲ ಗಾಡಿ ಮೂತಿ ರಸ್ತೆಯ ಕಡೆಗಿತ್ತು. ಇಲ್ಲಿ ಹೆಚ್ಚು ಹೊತ್ತು ನಿಲ್ಲುವ ಮನಸ್ಸು ತನಗಿಲ್ಲ ಎಂದು ತೋರಿಸಲು ಸರ್ದಾರ ಅದನ್ನು ಹಿಮ್ಮುಖವಾಗಿ ಒಳಗೆ ತಂದಿದ್ದ.

ಅದರ ಮರುದಿನ ಮತ್ತೆ ಬಂದ. ಈಗ ಚಹಾಕ್ಕೂ ಕಾಯಲಿಲ್ಲ. ಗಾಡಿ ಬಯಲಿನಲ್ಲಿ ಅವಸರ ಅವಸರವಾಗಿ ಮೇಲಿನ ಗೇರಿಗೆ ಹಾರುತ್ತದೆ, ನಿಜವಾದ ಏರು ಬಂದರೆ ಏದುಸಿರು ಬಿಡುತ್ತದೆ, ಏರಿನಲ್ಲಿ ನಿಲ್ಲಿಸಿದರೆ ಹಿಂದೆ ಜಾರುತ್ತದೆ.

"ನಿನ್ನಿ ಏರಾಕತ್ತಿತ್ತು, ಇವತ್ತ ಇಳ್ಯಾಕತ್ತದ. ರಸ್ತಾ ಮಾತ್ರ ಅದೇ ಅದ."

ಅಷ್ಟರಲ್ಲಿ ರಾಯರ ಫೋನು ಬಂತು. ಗುರುವಾರದವರೆಗೆ ನೋಡೋಣ, ಆಮೇಲೆ ಹೈದರಾಬಾದೇ ಗತಿ ಎಂದರು. ಅಂದು ಬುಧವಾರ. ಮೈತ್ರಿ ಡಬ್ಬಿಯನ್ನು ಕೆಳಗಿಟ್ಟಳು. ಊಟಕ್ಕೆ ಕರೆದ ತಾಯಿಗೆ ಹಸಿವಿಲ್ಲ ಎಂದು ಸುಳ್ಳು ಹೇಳಿ ಹೊಸ್ತಿಲ ಮೇಲೆ ಕೂತಳು. ಸೋಲಾಪುರದಲ್ಲಿ ಇಂಥದ್ದು ಒಮ್ಮೆಯೂ ಆಗಿರಲಿಲ್ಲ. ಅಲ್ಲಿದ್ದ ಕೈ ಇದೇ, ಡಬ್ಬಿ ಇದೇ. ಇಲ್ಲಿ ಏನು ಬೇರೆಯಾಗಿದೆ?

ಮಗಳ ಸಪ್ಪೆ ಮುಖ ನೋಡಲಾರದೆ ರಾಮಲಿಂಗ ಸರ್ದಾರನನ್ನು ಮಾತಿಗೆ ಎಳೆದ. ಮಾತು ಎಲ್ಲಿ ಶುರುವಾದರೂ ಅವನು ಅದನ್ನು ನೆಲಕ್ಕೆ ತರುತ್ತಾನೆ, ಅದು ಅವನ ಚಟ. ಈ ಅಂಗಳ ತಾನು ಹಾಸಿದ್ದು, ಎಂಥ ಮಳೆ ಬಂದರೂ ಒಂದು ಹನಿ ನಿಲ್ಲುವುದಿಲ್ಲ ಎಂದು ಕೈಯಲ್ಲಿದ್ದ ಚರಿಗೆಯ ನೀರನ್ನು ಗೇಟಿನ ಬಳಿ ಚೆಲ್ಲಿ ತೋರಿಸಿದ. ನೀರು, ಇಂದೂ ಮೂತಿ ಹೊರಗಾಗಿ ನಿಂತಿದ್ದ ಗಾಡಿಯ ಮುಂದಿನ ಚಕ್ರದ ಪಕ್ಕ ಹಾದು, ಹಿಂದಿನ ಚಕ್ರ ದಾಟಿ, ಬದನೆಗಿಡಕ್ಕೆ ಹೋಯಿತು.

ಮೈತ್ರಿ ಎದ್ದು ನಿಂತಳು. ಮೂತಿ ಒಳಗಿದ್ದಾಗ ಗಾಡಿ ತಗ್ಗಿಗೆ ನೋಡುತ್ತಿತ್ತು, ಅದನ್ನೇ ಸಮ ಎಂದು ಕಲಿತಿತ್ತು. ಹಾಗಾಗಿ ಬಯಲು ಏರಿನಂತೆ ಕಂಡಿತ್ತು. ಮೂತಿ ಹೊರಗೆ ಇಟ್ಟಾಗ ಎಲ್ಲ ಉಲ್ಟಾ. ಸೆನ್ಸರಿಗೆ ಏನೂ ಆಗಿರಲಿಲ್ಲ. ಅದು ರಾಮಲಿಂಗನ ವಾಟವನ್ನು ಇಂಚಿಂಚೂ ಸರಿಯಾಗಿ ಅಳೆದಿತ್ತು. ಸೋಲಾಪುರದಲ್ಲಿ ಹಳದಿ ಗೆರೆ ಎಳೆದ ಒಂದು ಜಾಗದಲ್ಲಿ ಮಾತ್ರ ಈ ಪಾಠ ಮಾಡಿಸುತ್ತಿದ್ದರು. ಆ ಗೆರೆ ಬರೀ ಗಾಡಿ ನಿಲ್ಲಿಸಲಿಕ್ಕೆಂದು ಅವಳು ತಿಳಿದಿದ್ದಳು, ಅದರೊಳಗಿನ ನೆಲವನ್ನು ಅಳೆದು ಸಮ ಮಾಡಿದ್ದರೆಂದು ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ನೆಲದ ಮೇಲೆ ಅಂಬೆಗಾಲಿಟ್ಟವಳ ಕಣ್ಣಿಗೆ ಅದಕ್ಕಿಂತ ಸಮವಾದ ನೆಲ ಲೋಕದಲ್ಲಿ ಇರಲಿಲ್ಲ.

"ಯಪ್ಪಾ, ಗಾಡಿ ಕೆಟ್ಟಿಲ್ಲ. ನೆಲ ಢಾಳ ಅದ" ಎಂದಳು.

ರಾಮಲಿಂಗನ ಮುಖ ಇಳಿದುಹೋಯಿತು. ನಲವತ್ತು ವರ್ಷದಲ್ಲಿ ಅವನ ನೆಲದ ಮೇಲೆ ಯಾರೂ ತಪ್ಪು ಹೊರಿಸಿರಲಿಲ್ಲ, ಈಗ ಹೊರಿಸಿದವಳು ಸ್ವಂತ ಮಗಳು. ವಾಟ ಇಲ್ಲದಿದ್ದರೆ ಅದು ನೆಲವಲ್ಲ, ಕೆರೆ ಎಂದು ಗೊಣಗಿದ. ಮೈತ್ರಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಡಿಗೆ ಏನಾಗಿದೆ ಎಂದು ಮೊದಲಿನಿಂದ ವಿವರಿಸಿದಳು. ಗುರುವಾರದ ಮಾತನ್ನೂ ಹೇಳಿದಳು. ಅದನ್ನು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ರಾಮಲಿಂಗ ಒಳಗೆ ಹೋಗಿ ತನ್ನ ನೀರಿನ ಪೈಪು ತಂದ. ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಅದು.

"ನಡಿ, ಸಮಾ ಜಾಗಾ ಹುಡುಕೋಣು" ಎಂದ.

ಹುಡುಕುವುದು ಸುಲಭವಾಗಲಿಲ್ಲ. ಶಹಾಬಾದಿನ ಸುತ್ತ ಕಲ್ಲು ಹಾಸದ ಅಂಗಳವಿಲ್ಲ, ಹಾಸಿದ್ದಕ್ಕೆಲ್ಲ ವಾಟವಿದೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಹೊರಟು ಮೂರು ಅಂಗಳ, ಒಂದು ಕಲ್ಯಾಣಮಂಟಪದ ಬಯಲು, ಒಂದು ಪೆಟ್ರೋಲ್ ಬಂಕು ಅಳೆದರು. ಪೈಪಿನ ಒಂದು ತುದಿಯನ್ನು ಸರ್ದಾರನೇ ಹಿಡಿದಿದ್ದ. ಖಾಲಿ ಎಡಗೈಗೆ ಒಂದು ಕೆಲಸ ಸಿಕ್ಕಿದ್ದರಿಂದ ಅವನು ಖುಷಿಯಲ್ಲಿದ್ದ. ಹೋದಲ್ಲೆಲ್ಲ ವಾಟವನ್ನು ನೋಡಿ ರಾಮಲಿಂಗ "ಭಾಳ ಚಂದ ಹಾಕ್ಯಾನ" ಎಂದು ಮೆಚ್ಚಿಕೊಳ್ಳುತ್ತಿದ್ದ. ಮೈತ್ರಿಗೆ ಅಳು, ನಗು ಎರಡೂ ಬಂದವು.

ಕೊನೆಗೆ ನೆನಪಾದದ್ದು ಕಲ್ಲಿನ ಗಾಡಿಗಳನ್ನು ತೂಗುವ ತೂಕದ ಕಟ್ಟೆ. ಅಲ್ಲಿ ಕೂರುವ ತಬಸ್ಸುಮ್ ಕಿಟಕಿಯಿಂದ ಇಣುಕಿ, ತೂಗುವುದಿಲ್ಲ, ಬರೀ ನಿಲ್ಲಿಸುತ್ತೇವೆ ಎಂಬ ಗಿರಾಕಿಯನ್ನು ಇದೇ ಮೊದಲು ನೋಡಿದ್ದು ಎಂದು ನಕ್ಕಳು. ರಾಮಲಿಂಗ ನಾಲ್ಕೂ ಮೂಲೆಗೆ ಪೈಪು ಹಿಡಿದ. ನಾಲ್ಕರಲ್ಲೂ ನೀರು ಒಂದೇ ಗೆರೆಗೆ ನಿಂತಿತು. ಅವನು ತಲೆಯಾಡಿಸಿದ ಮೇಲೆ ಮೈತ್ರಿ ಸ್ಕ್ಯಾನರ್ ಹಚ್ಚಿದಳು. ನೆಲ ಸಮವಾಗಿದೆಯೇ ಎಂದು ಅದು ಕೇಳಿತು. ಈ ಸಲ ಅವಳು ಅಪ್ಪನ ಮುಖ ನೋಡಿ, ಆಮೇಲೆ ಹೌದು ಎಂದು ಒತ್ತಿದಳು.

ಸರ್ದಾರನ ಪಕ್ಕ ಅವಳೂ ಕೂತು ಮಳಖೇಡ ದಾಟಿ ಸೇಡಂವರೆಗೆ ಹೋದಳು. ಬಯಲಿನಲ್ಲಿ ಗಾಡಿ ಬಯಲಿನಂತೆ ಓಡಿತು. ಏರು ಬಂದಾಗ ಕೆಳಗಿನ ಗೇರಿಗೆ ಇಳಿಯಿತು, ನಿಲ್ಲಿಸಿದರೆ ಹಿಡಿದುಕೊಂಡಿತು, ಹೊರಟರೆ ಬಿಟ್ಟಿತು. ಸರ್ದಾರ ಬಹಳ ದೂರದವರೆಗೆ ತಪ್ಪು ಹುಡುಕಿದ, ಸಿಗಲಿಲ್ಲ. ಗಾಡಿ ಏನು ಅನ್ನುತ್ತದೆ ಎಂದು ಮೈತ್ರಿ ಕೇಳಿದಳು.

"ಏನೂ ಅನ್ನವಲ್ದು" ಎಂದು ಅವನು ಬೇಸರದಿಂದ ಒಪ್ಪಿಕೊಂಡ.

ರಾಯರು ಗಾಡಿಯನ್ನು ತಾವೇ ಓಡಿಸಿ ನೋಡಿದರು. ತಪ್ಪು ಎಲ್ಲಿತ್ತೆಂದು ಕೇಳಿದಾಗ ಮೈತ್ರಿ ಮುಚ್ಚಿಡಲಿಲ್ಲ, ತಪ್ಪು ನನ್ನದೇ, ನೆಲ ಅಳೆಯದೆ ಹೌದು ಎಂದು ಒತ್ತಿದ್ದೆ ಎಂದಳು. ರಾಯರು ಸ್ವಲ್ಪ ಯೋಚಿಸಿ, ಉಳಿದ ಐದನ್ನೂ ಕಳಿಸುತ್ತೇನೆ, ಆದರೆ ಪ್ರತಿ ಸಲ ತೂಕದ ಕಟ್ಟೆಗೆ ಓಡುವುದು ಚೆನ್ನಾಗಿರುವುದಿಲ್ಲ ಎಂದರು.

ಆ ರಾತ್ರಿ ರಾಮಲಿಂಗನಿಗೆ ನಿದ್ದೆ ಹತ್ತಲಿಲ್ಲವೆಂದು ಲಾಲಮ್ಮ ಆಮೇಲೆ ಹೇಳಿದಳು. ಬೆಳಿಗ್ಗೆ ಯಾರಿಗೂ ಹೇಳದೆ ಕೇಳದೆ ಅಂಗಳದ ಒಂದು ಪಾಲಿನ ಫರ್ಸಿಯನ್ನು ಕೀಳತೊಡಗಿದ. ಒಂದು ದೊಡ್ಡ ಗಾಡಿ ನಿಲ್ಲುವಷ್ಟು ಜಾಗ. ಒಂಬತ್ತು ದಿನ ಹಿಡಿಯಿತು. ಕೈ ತಾನಾಗಿಯೇ ವಾಟ ಕೊಡುತ್ತಿತ್ತು. ತನ್ನ ಕೈಯನ್ನು ತಾನೇ ಬೈದುಕೊಂಡು, ಪೈಪು ಹಿಡಿದು, ಹಾಸಿದ ಕಲ್ಲನ್ನು ಎಬ್ಬಿಸಿ ಮತ್ತೆ ಹಾಸುತ್ತಿದ್ದ. ಸುತ್ತ ಹಳದಿ ಗೆರೆಯನ್ನೂ ಅವನೇ ಎಳೆದ.

ಮುಗಿದ ದಿನ ಲಾಲಮ್ಮ ರೂಢಿಯಂತೆ ಬಿಂದಿಗೆ ನೀರು ತಂದಿಟ್ಟಳು. ತಂದ ಮೇಲೆ ಅವಳಿಗೇ ಅನುಮಾನವಾಯಿತು, ಇದಕ್ಕೆ ನೀರು ಯಾಕೆ ಎಂದು. ರಾಮಲಿಂಗ ಬಿಂದಿಗೆ ಎತ್ತಿಕೊಂಡು ನಡುವೆ ನಿಧಾನವಾಗಿ ಸುರಿದ. ನೀರು ನಾಲ್ಕೂ ಕಡೆ ಹರಡಿತು, ತೆಳುವಾಯಿತು, ಯಾವ ಕಡೆಗೂ ಹೋಗದೆ ನಿಂತಿತು. ನಲವತ್ತು ವರ್ಷದಲ್ಲಿ ಮೊದಲ ಸಲ ನೀರು ಹರಿಯದಿರಲಿ ಎಂದು ಅವನು ಉಸಿರು ಬಿಗಿಹಿಡಿದಿದ್ದ.

ಮೈತ್ರಿ ಒಳಗಿನಿಂದ ಬೆಲ್ಲದ ಚೂರು ತಂದು ಅವನ ಮುಂದೆ ನಿಂತಳು. ಅವಳ ಕಣ್ಣು ತುಂಬಿತ್ತು.

"ನೀರ್ ಹೊರಗ ಹೋಗಿಲ್ಲವ್ವಾ, ಹ್ಯಾಂಗ ತಿನ್ಲಿ?" ಎಂದ ರಾಮಲಿಂಗ.

ಅವಳು ಬೆಲ್ಲವನ್ನು ಅವನ ಬಾಯಿಗೆ ಹಾಕಿದಳು. ಅವನು ಅದನ್ನು ಚೀಪುತ್ತಾ, ನಿಂತ ನೀರನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಸಬರಿಗೆ ಎಲ್ಲಿದೆಯೆಂದು ಕೇಳಿ, ಬದನೆಗಿಡದ ಕಡೆಗೆ ನೀರನ್ನು ತಾನೇ ಬಳಿಯತೊಡಗಿದ. ಈಗಲೂ ಪ್ರತಿ ಮಳೆ ನಿಂತ ಮೇಲೆ ಆ ಕೆಲಸ ಅವನದೇ, ಬೇರೆ ಯಾರೂ ಕಸಬರಿಗೆ ಮುಟ್ಟುವಂತಿಲ್ಲ.