ದೊಡ್ಡ ಡಿಸ್ಕಿನ ತಳ

ಎಂಬತ್ತರ ದಶಕದಲ್ಲಿ ವಾಡಿಯ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ನನಗೆ ಇಂಜಿನಿಯರ್ ಕೆಲಸ ಸಿಕ್ಕಿತ್ತು. ಹೊರಗೆಲ್ಲ ಬೂದಿಬಣ್ಣದ ಧೂಳು, ಒಳಗೆ ಮಾತ್ರ ತಂಪು ಗಾಳಿ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಬರಿಗಾಲಲ್ಲಿ ನಿಂತೇ ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಅಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ವಾಡಿಯವರೇ, ನನಗಿಂತ ಬಹಳ ಹಿರಿಯರು. ಉಗ್ರಾಣದ ಬಿಡಿಭಾಗಗಳ ವಿವರವನ್ನೆಲ್ಲ ತಿಂಗಳುಗಟ್ಟಲೆ ಕೂತು ಟೈಪ್ ಮಾಡಿ ಫ್ಲಾಪಿಗಳಿಗೆ ತುಂಬುತ್ತಾ ಬಂದಿದ್ದರು. ಚೊಚ್ಚಲ ಹೆರಿಗೆಗೆಂದು ಮಗಳು ಮನೆಗೆ ಬಂದಿದ್ದಳು. ಬಾಣಂತನಕ್ಕೆ ಆಪಾಗೆ ರಜೆ ಬೇಕಿತ್ತು. ಈ ಕೆಲಸ ಮುಗಿದ ಮೇಲೆಯೇ ರಜೆ ಎಂದು ಸಾಹೇಬರು ಹೇಳಿಬಿಟ್ಟಿದ್ದರು.

ಆಗಲೇ ಹೊಸ ಡಿಸ್ಕ್ ಬಂತು. ಇವತ್ತು ಮೊಬೈಲಿನ ನಾಲ್ಕು ಹಾಡಿಗೂ ಸಾಲದು, ಆದರೆ ಆ ಕಾಲಕ್ಕೆ ಅದು ಮಹಾಸಾಗರ. ನಮ್ಮ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೆ ಅಷ್ಟು ದೊಡ್ಡ ಡಿಸ್ಕಿನ ಜಾಗಗಳನ್ನು ಎಣಿಸಲು ಬರುತ್ತಿರಲಿಲ್ಲ. ಒಂದು ಮಿತಿ ದಾಟಿದರೆ ಹಳೆಯ ಲಾರಿಯ ಕಿಲೋಮೀಟರ್ ಮೀಟರಿನ ಹಾಗೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಫೈಲುಗಳಿಗೆ ಜಾಗ ಹಂಚುವ ಪ್ರೋಗ್ರಾಮಿಗೆ ನಾನೇ ಕೈಹಾಕಿದೆ. ಎಣಿಕೆಯ ಮಿತಿಯಾಗಿ ಎಲ್ಲೆಲ್ಲಿ ಸಣ್ಣ ಸಂಖ್ಯೆಯಿತ್ತೋ ಅಲ್ಲೆಲ್ಲ ದೊಡ್ಡದನ್ನಿಟ್ಟೆ. ಪರದೆಯ ಮೇಲೆ ಡಿಸ್ಕಿನ ಪೂರ್ತಿ ಗಾತ್ರ ಮೂಡಿತು. ನಾಲ್ಕು ಫೈಲು ಹಾಕಿ ತೆಗೆದೆ, ಸರಿಯಾಗಿದ್ದವು. ಸಾಹೇಬರು ಬೆನ್ನು ತಟ್ಟಿದರು.

ಶನಿವಾರ ಆಪಾಗೆ ಹೇಳಿದೆ: "ಎಲ್ಲಾ ಹೊಸಾ ಡಿಸ್ಕಿನ್ಯಾಗ ಹಾಕೀನ್ರಿ ಆಪಾ. ಹಳಿ ಫ್ಲಾಪಿ ಅಳಿಸಿಬಿಡ್ರಿ, ಬ್ಯಾರೆಯವರಿಗೆ ಬೇಕಾಗ್ಯಾವ."

"ಖರೇನ ತಮ್ಮಾ?"

"ನಾ ಅದೀನಲ್ರಿ," ಎಂದೆ.

ಭಾನುವಾರ ಶಹಾಬಾದಿನಲ್ಲಿ ಅಪ್ಪನ ಕಲ್ಲಿನ ಅಂಗಡಿಯಲ್ಲಿ ಕೂತಿದ್ದೆ. ಹೊಸ ಮನೆ ಕಟ್ಟಿಸುತ್ತಿದ್ದ ಸೇಡಂನ ಗಿರಾಕಿಯೊಬ್ಬರು ಹಾಸುಗಲ್ಲಿನ ಒಟ್ಟಿಲಿನ ಮೇಲಿನದನ್ನಷ್ಟೇ ಸವರಿ ನೋಡುತ್ತಿದ್ದರು. ಓದಿದವನ ಬುದ್ಧಿ ಸುಮ್ಮನಿರುತ್ತದೆಯೇ?

"ಮ್ಯಾಲಿಂದು ಎಲ್ಲಾರೂ ಛಲೋದೇ ಇಟ್ಟಿರ್ತಾರ್ರಿ. ತಳದ ಫರಸಿ ತೆಗಿಸಿ ನೋಡ್ರಿ," ಎಂದೆ.

ಅಪ್ಪ ನನ್ನನ್ನು ಕಣ್ಣಲ್ಲೇ ನುಂಗಿದರು. ಆದರೆ ನಾನು ದಡಕ್ಕನೆ ಎದ್ದು ನಿಂತದ್ದು ಅದಕ್ಕಲ್ಲ. ನಾನೂ ಡಿಸ್ಕಿನ ಮೇಲಿನ ಪದರವನ್ನಷ್ಟೇ ಸವರಿ ನೋಡಿದ್ದು ನೆನಪಾಗಿತ್ತು. ಅದು ತುಂಬಿದಾಗ ಏನಾಗುತ್ತದೆಂದು ನಾನು ನೋಡಿರಲೇ ಇಲ್ಲ.

ಸೋಮವಾರ ಮೊದಲ ರೈಲಿಗೇ ಓಡಿದೆ. ರಾತ್ರಿ ಪಾಳಿಯಲ್ಲಿದ್ದ ಕಾರ್ಖಾನೆಯ ಪ್ರಯೋಗಾಲಯದವರು ನಾನು ತಲುಪುವ ಮೊದಲೇ ತಮ್ಮ ಹಳೆಯ ಅಂಕಿಗಳನ್ನೆಲ್ಲ ಡಿಸ್ಕಿಗೆ ಸುರಿದು ಮುಗಿಸಿದ್ದರು. ಕಂಪ್ಯೂಟರ್ ಒಂದು ತಕರಾರನ್ನೂ ಎತ್ತಿರಲಿಲ್ಲ. ಆಪಾ ಮಾಡಿದ್ದ ಫೈಲು ತೆರೆದರೆ ಬೇರಿಂಗು, ಬೋಲ್ಟುಗಳಿದ್ದ ಕಡೆ ಸುಣ್ಣಕಲ್ಲಿನ ಪರೀಕ್ಷೆಯ ಅಂಕಿಗಳು ಕೂತಿದ್ದವು. ನನ್ನ ಪ್ರೋಗ್ರಾಮಿನಲ್ಲಿ ಒಂದೇ ಒಂದು ಕಡೆ ಸಣ್ಣ ಸಂಖ್ಯೆ ಹಾಗೇ ಉಳಿದಿತ್ತು. ಮಿತಿ ದಾಟಿದ ಬರಹವೆಲ್ಲ ಸೊನ್ನೆಯಿಂದ ಶುರುವಾಗಿ ಆಪಾ ಪಟ್ಟ ಶ್ರಮದ ಮೇಲೆ ಕೂತಿತ್ತು. ಫ್ಲಾಪಿಗಳನ್ನು ಅವರು ಶನಿವಾರವೇ ಅಳಿಸಿದ್ದರು.

ಆಪಾ ಬೈಯಲಿಲ್ಲ. ಚಷ್ಮಾ ತೆಗೆದು ಸೆರಗಿನಲ್ಲಿ ಒರೆಸಿದರು. "ಹಂಗಾದ್ರ ರಜಾ?" ಎಂದು ಪರದೆಯನ್ನೇ ಕೇಳಿದರು. ನನಗೆ ಅಳು ಬಂತು.

"ನೀವು ಮನಿಗಿ ನಡ್ರಿ ಆಪಾ. ಎಲ್ಲಾ ನಾನೇ ಟೈಪ್ ಹೊಡಿತೀನಿ."

ಸಾಹೇಬರು ನನ್ನ ಬೆರಳುಗಳನ್ನು ಅನುಮಾನದಿಂದ ನೋಡಿ ಒಪ್ಪಿದರು. ಪ್ರೋಗ್ರಾಮಿನ ತಪ್ಪು ಒಂದೇ ಸಾಲಿನದು, ಚಹಾ ಬರುವಷ್ಟರಲ್ಲಿ ತಿದ್ದಿ ಮುಗಿಯಿತು. ಈ ಸಲ ಡಿಸ್ಕನ್ನು ಕಂಠಮಟ್ಟ ಕಸ ತುಂಬಿ ಪರೀಕ್ಷಿಸಿದೆ. ಟೈಪಿಂಗ್ ಮಾತ್ರ ಮಳೆಗಾಲವನ್ನೇ ನುಂಗಿತು. ಎರಡೇ ಬೆರಳಲ್ಲಿ ಕುಟ್ಟುವ ಇಂಜಿನಿಯರನನ್ನು ನೋಡಲು ಉಗ್ರಾಣದವರು ಊಟದ ವೇಳೆಗೆ ಬಂದು ಹೋಗುತ್ತಿದ್ದರು.

ಆಪಾ ರಜೆ ಮುಗಿಸಿ ಪೇಡೆಯ ಡಬ್ಬಿ ಹಿಡಿದು ಬಂದರು. ಅಷ್ಟರೊಳಗೆ ಅಪ್ಪನ ಅಂಗಡಿಯ ಕಥೆಯನ್ನು ಯಾರೋ ಅವರ ಕಿವಿಗೆ ಹಾಕಿದ್ದರು. ಕೂರುವ ಮೊದಲೇ, "ಎಲ್ಲಾದಕ್ಕಿಂತ ಕೊನೀದು ತೆಗಿ ತಮ್ಮಾ," ಎಂದರು. ತೆಗೆದೆ. ಕೊನೆಯ ಬೋಲ್ಟು ಅದರ ಜಾಗದಲ್ಲೇ ಇತ್ತು. ಅದನ್ನು ಎರಡೆರಡು ಸಲ ಓದಿ ಡಬ್ಬಿ ತೆರೆದರು. ಮೇಲಿನ ಪೇಡೆಗಳನ್ನು ಪಕ್ಕಕ್ಕೆ ಸರಿಸಿ, ತಳದಲ್ಲಿದ್ದ ಒಂದನ್ನು ಹುಡುಕಿ ತೆಗೆದು ನನ್ನ ಕೈಯಲ್ಲಿಟ್ಟರು.

"ಮೊಮ್ಮಗಳು ಬಂದಾಳ. ತಿನ್ನು."