ಎಲ್ಲರ ಆಟ ಆಡಿದವಳು

ಮಗಳು ಟೇಬಲ್ ಟೆನಿಸ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರ್ತಿ ಎಂದು ಹೇಳಿಕೊಳ್ಳುವಾಗ ತಾಯಿಗೆ ಹೆಮ್ಮೆಯೇನೋ ಆಗುತ್ತಿತ್ತು. ಮುಂದಿನ ಪ್ರಶ್ನೆ ಬಂದರೆ ಮಾತ್ರ ನಾಲಿಗೆ ತಡವರಿಸುತ್ತಿತ್ತು. ಆಕೆ ಕೆಲಸ ಮಾಡುವ ಔಷಧಿ ಅಂಗಡಿಗೆ ಬರುವ ಗಿರಾಕಿಗಳು ಬಿಡುವವರಲ್ಲ. ಯಾವ ಪಂದ್ಯ ಗೆದ್ದಳು, ಟೀವಿಯಲ್ಲಿ ಯಾವಾಗ ಬರುತ್ತಾಳೆ ಎಂದು ಕೆದಕುತ್ತಿದ್ದರು. ಆಕೆ ಮಾತ್ರೆಯ ಪಟ್ಟಿ ಕತ್ತರಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು.

ಮಗಳು ಪಂದ್ಯ ಆಡುತ್ತಿರಲಿಲ್ಲ. ಪಂದ್ಯ ಆಡುವವರ ಅಭ್ಯಾಸಕ್ಕೆ ಎದುರು ನಿಲ್ಲುವುದು ಅವಳ ಕೆಲಸ. ನಾಳೆ ಯಾರ ಮೇಲೆ ಪಂದ್ಯವಿದೆಯೋ ಇವತ್ತು ಅವಳು ಅವರಾಗಬೇಕು. ವಿಡಿಯೊ ನೋಡಿ ಅವರ ಸರ್ವ್, ಅವರ ನಿಲುವು, ಚೆಂಡಿಗೆ ಅವರು ಕೊಡುವ ಸ್ಪಿನ್, ಎಲ್ಲವನ್ನೂ ಕೈಗೆ ಇಳಿಸಿಕೊಳ್ಳುತ್ತಿದ್ದಳು. ಪಾಯಿಂಟ್ ಹೋದಾಗ ಅವರು ಅಂಗೈಯನ್ನು ಚಡ್ಡಿಗೆ ಒರೆಸಿಕೊಳ್ಳುವವರಾದರೆ ಇವಳೂ ಒರೆಸಿಕೊಳ್ಳುತ್ತಿದ್ದಳು. ಕ್ಲಬ್ಬಿನವರೆಲ್ಲ ಅವಳನ್ನು ‘ಕನ್ನಡಿ’ ಎನ್ನುತ್ತಿದ್ದರು. ಹೊಗಳಿಕೆಯ ಹೆಸರೇ. ತಾಯಿಯ ಕಿವಿಗೆ ಮಾತ್ರ ಮುಳ್ಳು.

ಶುರುವಾದದ್ದು ತಮಾಷೆಯಿಂದ. ಕ್ಲಬ್ ಸೇರಿದ ಹೊಸತರಲ್ಲಿ, ಬೇರೆ ಊರಿನ ದೊಡ್ಡ ಆಟಗಾರ್ತಿಯೊಬ್ಬಳು ಚೆಂಡನ್ನು ಮೇಲಕ್ಕೆ ಹಾರಿಸಿ ಕುಕ್ಕರುಗಾಲಲ್ಲಿ ಕೂತು ಸರ್ವ್ ಮಾಡುವುದನ್ನು ಇವಳು ಹಾಗೆಯೇ ಮಾಡಿ ತೋರಿಸಿದ್ದಳು. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಕೋಚ್ ನಗಲಿಲ್ಲ, ಇನ್ನೊಮ್ಮೆ ಮಾಡು ಅಂದರು. ಒಂದು ಸೀಸನ್ ಅಷ್ಟೇ, ಆಮೇಲೆ ನಿನ್ನ ಆಟ ನೀನು ಆಡುವಿಯಂತೆ ಎಂದು ಮಾತು ಕೊಟ್ಟರು. ಆ ‘ಆಮೇಲೆ’ ವರ್ಷ ವರ್ಷವೂ ಮುಂದಕ್ಕೆ ಹೋಯಿತು. ಬಸ್ ಓಡಿಸುವ ತಂದೆ ಅದನ್ನೂ ನಗೆಯಲ್ಲೇ ತೇಲಿಸುತ್ತಿದ್ದ. “ಅಪ್ಪನ ಹಾಗೇ ಮಗಳು ಕಣೆ. ನಾನೂ ಎಲ್ಲರನ್ನೂ ಅವರವರ ಜಾಗಕ್ಕೆ ಮುಟ್ಟಿಸ್ತೀನಿ. ನಾನೆಲ್ಲಿ ಇಳೀತೀನಿ ಹೇಳು?” ತಾಯಿಗೆ ನಗು ಬರುತ್ತಿರಲಿಲ್ಲ. ಮಗಳ ಮಣಿಕಟ್ಟಿಗೆ ಮುಲಾಮು ತಿಕ್ಕುತ್ತಾ, ಈ ನೋವು ಯಾರ ಆಟದ್ದೋ ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಈ ವರ್ಷ ಹೊರದೇಶದ ಟೂರ್ನಿಗೆ ಹೊರಟ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಕೋಚ್ ಕೊನೆಗೂ ಮಾತು ಉಳಿಸಿಕೊಂಡರು. ಕನ್ನಡಿಗೂ ಮೆಣಸಿಗೂ ಪಂದ್ಯ, ಐದು ಗೇಮಿನಲ್ಲಿ ಮೂರು ಗೆದ್ದವರಿಗೆ ಜಾಗ. ಹೊಸ ಹುಡುಗಿಯರು ಸಾಲುಗಟ್ಟಿ ಬರುತ್ತಿದ್ದರು. ಈ ಸಲ ತಪ್ಪಿದರೆ ಇನ್ನಿಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತಾಗಿರಲಿಲ್ಲ.

ಮೆಣಸು ಎಂದು ಕರೆಯುತ್ತಿದ್ದದ್ದು ಕ್ಲಬ್ಬಿನ ಎಲ್ಲರಿಗಿಂತ ಕಿರಿಯ ಹುಡುಗಿಯನ್ನು. ಆಳು ಮೊಣಕೈಯುದ್ದ, ಹೊಡೆತ ಮಾತ್ರ ಚುರುಕ್ ಅನ್ನುವಂಥದ್ದು. ಅಕ್ಕ ಅಕ್ಕ ಎಂದು ಮಗಳ ಬಾಲ ಹಿಡಿದೇ ಬೆಳೆದವಳು, ಮನೆಗೆ ಬಂದರೆ ಆಂಟಿ, ಹಸಿವು ಎಂದು ನೇರ ಅಡುಗೆಮನೆಗೇ ನುಗ್ಗುವವಳು. ಅವಳು ಸೋಲಲಿ ಎಂದು ಬೇಡಿಕೊಳ್ಳುವುದಕ್ಕೂ ತಾಯಿಗೆ ಬಾಯಿ ಬರಲಿಲ್ಲ. ನನ್ನ ಮಗಳು ಗೆಲ್ಲಲಿ ಎಂದಷ್ಟೇ ಕೇಳಿಕೊಂಡಳು, ಎರಡೂ ಬೇರೆ ಬೇರೆ ಎನ್ನುವಂತೆ.

ಪಂದ್ಯದ ದಿನ ತಾಯಿ ಗೋಡೆಬದಿಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮಗಳು ಆ ಕುಕ್ಕರುಗಾಲಿನ ಸರ್ವ್‌ನಿಂದಲೇ ಶುರು ಮಾಡಿದಳು. ಮೆಣಸು ತನ್ನ ಮನೆಯ ಬಾಗಿಲು ತೆಗೆದಷ್ಟು ಸಲೀಸಾಗಿ ಅದನ್ನು ಮೂಲೆಗೆ ಹೊಡೆದಳು. ಮಗಳು ಆಟ ಬದಲಿಸಿದಳು. ಚೆಂಡು ಬರುವ ಮೊದಲೇ ಮೆಣಸಿನ ಕಾಲು ಅಲ್ಲಿಗೆ ಹೋಗಿ ನಿಂತಿತ್ತು. ಮತ್ತೆ ಬದಲಿಸಿದಳು, ಅದೂ ಅವಳಿಗೆ ಗೊತ್ತು. ಮೊದಲ ಗೇಮ್ ಹೋಯಿತು, ಎರಡನೆಯದೂ ಹೋಯಿತು.

ತಾಯಿಗೆ ಆಟದ ಒಳಗುಟ್ಟು ಗೊತ್ತಿರಲಿಲ್ಲ. ಆದರೂ ನೋಡನೋಡುತ್ತ ಒಂದು ಸಂಗತಿ ತಿಳಿಯಿತು. ಮಗಳು ಯಾರ ಯಾರ ವೇಷ ಹಾಕುತ್ತಿದ್ದಳೋ ಅವರನ್ನೆಲ್ಲ ಮೆಣಸು ಮೊದಲೇ ಸೋಲಿಸಿ ಕಲಿತಿದ್ದಳು, ಇದೇ ಟೇಬಲ್ಲಿನ ಮೇಲೆ, ಇದೇ ಕೈಯೆದುರು. ಇಷ್ಟು ವರ್ಷ ತನ್ನನ್ನು ಸೋಲಿಸುವುದನ್ನೇ ಮಗಳು ಅವಳಿಗೆ ಕಲಿಸಿಕೊಟ್ಟಿದ್ದಳು.

ಬಿಡುವಿನಲ್ಲಿ ತಾಯಿ ನೀರಿನ ಬಾಟಲಿ ಹಿಡಿದು ಹೋದಳು. ತಡೆಯಲಾರದೆ ಅಂದಳು: “ಬೇರೆಯವರದ್ದೆಲ್ಲ ಬಿಟ್ಹಾಕು. ನಿನ್ನ ಆಟ ಆಡು ಮಗಳೇ.”

ಮಗಳು ಟವೆಲ್‌ನಿಂದ ಮುಖ ತೆಗೆಯಲಿಲ್ಲ. “ಅದನ್ನೇ ಹುಡುಕ್ತಿದೀನಮ್ಮ.”

ಮುಂದಿನ ಗೇಮಿನಲ್ಲಿ ಅವಳು ಯಾರಂತೆಯೂ ನಿಲ್ಲಲಿಲ್ಲ. ಏನೋ ತರಲು ಒಳಕೋಣೆಗೆ ಹೋಗಿ ಏನೆಂದು ಮರೆತವರಂತೆ, ಪ್ರತಿ ಚೆಂಡಿಗೂ ಒಂದು ಕ್ಷಣ ತಡವಾಗುತ್ತಿತ್ತು. ಕೊನೆಯ ಚೆಂಡು ನೆಟ್ಟಿಗೆ ತಗುಲಿ ಈಚೆಗೇ ಬಿತ್ತು. ಗೆದ್ದ ಮೆಣಸು ಕುಣಿಯಲಿಲ್ಲ. ಟೇಬಲ್ ಸುತ್ತಿ ಬಂದು ಅಕ್ಕನ ಭುಜಕ್ಕೆ ಹಣೆಯಿಟ್ಟು, ಸಾರಿ ಅಂದಳು.

“ಸಾರಿ ಯಾಕೆ? ನಿನ್ನ ಬ್ಯಾಕ್‌ಹ್ಯಾಂಡ್ ಇನ್ನೂ ಸಡಿಲ ಇದೆ. ನೋಡ್ಕೋ,” ಅಂದಳು ಮಗಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ತಾಯಿ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಸಾಕು, ಮನೆಗೆ ಬಾ. ಅಂಗಡಿಯಲ್ಲಿ ಕೆಲಸವಿದೆ, ಓದುವುದಾದರೆ ಓದು. ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಟ್ಟಿದರು ಕೋಚ್. ತಾಯಿಯ ಕಡೆ ಅವರ ಕಣ್ಣು ಬರಲಿಲ್ಲ. ಮೆಣಸಿಗೆ ಮೊದಲ ಸುತ್ತಿನಲ್ಲೇ ಬ್ಯಾಟಿಗೆ ಗುಳ್ಳೆಗುಳ್ಳೆಯ ರಬ್ಬರ್ ಅಂಟಿಸಿ ಆಡುವವಳು ಸಿಕ್ಕಿದ್ದಾಳೆ, ದೂರ ನಿಂತು ಚೆಂಡನ್ನು ಕತ್ತರಿಸಿ ಕತ್ತರಿಸಿ ಹೊಡೆಯುವವಳು, ನಾಳೆಯಿಂದ ಅವಳಾಗಿ ಸ್ವಲ್ಪ ಎದುರು ನಿಲ್ಲಬಹುದಾ ಎಂದು ಬಾಗಿಲಿಗೇ ಹೇಳಿದಂತೆ ಕೇಳಿದರು. ಉತ್ತರಕ್ಕೂ ಕಾಯದೆ ಹೋದರು.

ಇಲ್ಲ ಅನ್ನು, ಇಲ್ಲ ಅನ್ನು ಎಂದು ತಾಯಿ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಮಗಳು ಬ್ಯಾಗಿನಿಂದ ಬ್ಯಾಟ್ ತೆಗೆದಳು. ಕೆಂಪು ರಬ್ಬರಿನ ಅಂಚನ್ನು ಉಗುರಿನಿಂದ ಎತ್ತಿ, ಗಾಯದ ಪಟ್ಟಿ ಬಿಡಿಸಿದ ಹಾಗೆ ನಿಧಾನಕ್ಕೆ ಎಳೆದಳು. ಬರೀ ಮರ ಉಳಿಯಿತು. ಅಂಟು ಹಚ್ಚಿದಳು, ಒಣಗಲು ಬಿಟ್ಟಳು, ಬ್ಯಾಗಿನಲ್ಲೇ ಇದ್ದ ಗುಳ್ಳೆಯ ರಬ್ಬರನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟಳು.

“ಅಮ್ಮಾ, ಸ್ವಲ್ಪ ಒತ್ತಿ ಹಿಡ್ಕೋ. ಒಳಗೆ ಗಾಳಿ ನಿಲ್ಲಬಾರದು.”

ತಾಯಿ ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು.